ಕೋಡುಬಳೆ ಹಿಡಿದ ಹುಡುಗಿ

ಹಾಲಿನ ಡಬ್ಬಗಳನ್ನು ಒರೆಸಿ ಆಗಿತ್ತು, ಮೊಸರಿನದೂ ಆಗಿತ್ತು. ಈರುಳ್ಳಿಯನ್ನೂ ಸೋಪಿನ ನೀರಲ್ಲಿ ತೊಳೆಯಬೇಕೋ ಬೇಡವೋ ಎಂದು ಯೋಚಿಸುತ್ತ ಮೈಥಿಲಿ ಬಾಲ್ಕನಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಗ ಒಳಗಿನ ಕೋಣೆಯಿಂದ ಗಂಡ ಸುಜಯನ ದನಿ ಕೇಳಿಸಿತು.

"ಓ, ಹಿಂದಿರೋ ಪೇಂಟಿಂಗಾ? ನೋ ನೋ, ಜಸ್ಟ್ ಐಕಿಯಾ."

ಲ್ಯಾಪ್‌ಟಾಪಿನೊಳಗಿಂದ ನಾಲ್ಕಾರು ಮಂದಿ ಒಟ್ಟಿಗೆ ನಕ್ಕರು. ಮೀಟಿಂಗು ಮುಂದುವರಿಯಿತು.

ಮೈಥಿಲಿಯ ಕೈಯ ಬಟ್ಟೆ ಈರುಳ್ಳಿಯ ಮೇಲೇ ನಿಂತಿತು. ಆ ಚಿತ್ರ ಮೈಸೂರಿನ ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿಗಳದು. ಒಂದು ಇಡೀ ಚಳಿಗಾಲ ಕೂತು ಅವಳು ಬರೆದದ್ದು. ಅದು ನೇತಾಡುತ್ತಿದ್ದ ಕೋಣೆಯೂ ಮೊನ್ನೆಮೊನ್ನೆಯ ತನಕ ಅವಳದೇ. ಕೊರೊನಾ ಬಂತು, ಆಮ್‌ಸ್ಟರ್‌ಡಾಮಿನ ಜೈಡಾಸ್‌ನಲ್ಲಿದ್ದ ಸುಜಯನ ಬ್ಯಾಂಕು ತನ್ನವರನ್ನೆಲ್ಲ ಮನೆಗೆ ಅಟ್ಟಿತು. ಒಂದೇ ಮಧ್ಯಾಹ್ನದಲ್ಲಿ ಅವಳ ಈಸೆಲ್ ಬಾಲ್ಕನಿಗೆ ಬಂದು ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಪಕ್ಕ ನಿಂತಿತು, ಅದರ ಮೇಲೆ ಸುಜಯನ ಬನಿಯನ್ನುಗಳು ಒಣಗತೊಡಗಿದವು. ಅದನ್ನೂ ಅವಳು ನುಂಗಿಕೊಂಡಿದ್ದಳು. ಕುರ್ಚಿ ಮೇಜು ಮಾರುವ ಅಂಗಡಿಯ ಹೆಸರಿನ ಈ ಐಕಿಯಾ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟಳು. "ನನ್ ಹೆಂಡ್ತಿ ಬರ್ದಿದ್ದು ಅನ್ನೋಕೆ ನಾಲಿಗೆ ಬರ್ಲಿಲ್ವಾ?"

"ಹಾಗಂದಿದ್ರೆ ಹತ್ ನಿಮಿಷ ಅದ್ರ ಬಗ್ಗೆನೇ ಮಾತಾಡ್ತಿದ್ರು ಕಣೆ. ಮೀಟಿಂಗ್ ಎಳ್ಕೊಂಡ್ ಹೋಗುತ್ತೆ. ಜೋಕು ಅದು, ಸೀರಿಯಸ್ ಆಗ್ ತಗೋಬೇಡ."

ಅತ್ತೆ ವಿಜಯಮ್ಮ ಸಾರು ಬಡಿಸುತ್ತ ಕುತೂಹಲದಿಂದ ಕೇಳಿದರು, "ಐಕಿಯಾ ಅಂದ್ರೆ ಯಾರೋ ಸುಜಿ? ದೊಡ್ಡ ಆರ್ಟಿಸ್ಟಾ?"

ಸುಜಯ ಪುರ್ರೆಂದು ನಕ್ಕ. ಮೈಥಿಲಿ ನಗಲಿಲ್ಲ. ಅತ್ತೆ ಚಳಿ ಕಳೆಯುವ ಹೊತ್ತಿಗೆ ಮೈಸೂರಿಗೆ ಮರಳುತ್ತೇನೆಂದು ಬಂದವರು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಕೊಂಡಿದ್ದರು. ಮಗನ ಮನೆಯಲ್ಲಿ ಅವರಿಗೆ ಇದ್ದ ಒಂದೇ ಕೊರಗು, ಮನೆಯಲ್ಲಿ ಒಂದು ಮಗುವಿಲ್ಲ ಎನ್ನುವುದು. ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬಾಲ್ಕನಿಯಿಂದ ಕೆಳಗೆ ಹೋಗುವ ಡಚ್ಚರ ಮಕ್ಕಳ ಸೈಕಲ್ಲುಗಳನ್ನು ನೋಡಿ, "ಹುಷಾರು ಪುಟ್ಟಾ" ಎಂದು ಕನ್ನಡದಲ್ಲೇ ಕೂಗುತ್ತಿದ್ದರು, ಅಷ್ಟೆ.

ಅಂದು ಸಂಜೆ ಮೈಥಿಲಿ ಕೆಳಮನೆಯ ಮುದುಕಿಗೆ ಸಾಮಾನು ಕೊಡಲು ಇಳಿದಳು. ರಾಟರ್‌ಡ್ಯಾಮಿನ ಪಕ್ಕದ ಊರು ಕಾಪೆಲ್ಲೆ ಆನ್ ಡೆನ್ ಐಸೆಲ್‌ನ ಆ ಕಟ್ಟಡದಲ್ಲಿ ಇಲಿಯಾನಾ ನೆಲಮಹಡಿಯಲ್ಲಿ ಒಬ್ಬಳೇ ಇದ್ದಳು. ರೊಮೇನಿಯಾದಿಂದ ಡಚ್ ಗಂಡನ ಕೈ ಹಿಡಿದು ಬಂದವಳು, ಗಂಡ ಹೋಗಿ ಬಹಳ ಕಾಲವಾಗಿತ್ತು. ರೂಢಿಯೆಂದರೆ ಚೀಲವನ್ನು ಬಾಗಿಲಲ್ಲಿಟ್ಟು, ಗಂಟೆ ಒತ್ತಿ, ದೂರ ನಿಂತು ಕೈ ಬೀಸುವುದು. ಅವತ್ತು ಮಾತ್ರ ಒಳಗಿನ ಬಲ್ಬು ಹೋಗಿತ್ತು, ಹಾಕಿಕೊಡುತ್ತೀಯಾ ಎಂದು ಮುದುಕಿ ಕೇಳಿದಳು. ಮೈಥಿಲಿ ಮಾಸ್ಕು ಬಿಗಿದುಕೊಂಡು ಒಳಗೆ ಹೋಗಿ ಸ್ಟೂಲು ಹತ್ತಿದಳು. ಬಲ್ಬು ಹತ್ತಿದೊಡನೆ ಎದುರಿನ ಗೋಡೆಯಲ್ಲಿ ಒಂದು ಮಗು ಕಣ್ಣು ಬಿಟ್ಟಿತು.

ನಾಲ್ಕು ವರ್ಷದ ಹುಡುಗಿ. ಎತ್ತರದ ಮರದ ಕುರ್ಚಿಯಲ್ಲಿ ಒಂದು ಕಾಲು ಮಡಚಿ ಕೂತಿದ್ದಾಳೆ, ಬರಿಗಾಲು, ಎಡಪಾದದ ಅಡಿ ನೋಡುವವರ ಕಡೆಗೇ ತಿರುಗಿದೆ. ಕೈಯಲ್ಲಿ ಬಳೆಯಂಥ ಒಂದು ರೊಟ್ಟಿ. ಅದನ್ನು ಕಚ್ಚಬೇಕೆಂದಿದ್ದವಳು ಯಾರೋ ಕರೆದರೆಂದು ಹಾಗೇ ತಲೆಯೆತ್ತಿದ ಹಾಗಿದೆ. ಕೆನ್ನೆಯ ಕೆಂಪನ್ನು ಆ ಚಿತ್ರಕಾರ ಮೂರೇ ಗೀರಿನಲ್ಲಿ ಮುಗಿಸಿದ್ದ. ಮೈಥಿಲಿ ಸ್ಟೂಲಿನಿಂದ ಇಳಿಯುವುದನ್ನೇ ಮರೆತಳು.

"ಅವಳು ಸಾಂಡಾ, ನನ್ನ ಅಕ್ಕ" ಎಂದಳು ಇಲಿಯಾನಾ. "ಒಂದು ಬೇಸಗೆ ನಮ್ಮ ಮನೆಯಲ್ಲಿ ಒಬ್ಬ ಚಿತ್ರಕಾರ ಅತಿಥಿಯಾಗಿದ್ದ, ಪ್ಲೋಪೆಯಾನು ಅಂತ. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ. ಅವನು ಬರೆದದ್ದು. ಮುಂದಿನ ಚಳಿಗಾಲಕ್ಕೆ ಅವಳಿಗೆ ಗಂಟಲು ಕಟ್ಟಿ ಜ್ವರ ಬಂತಂತೆ. ನಾನು ಹುಟ್ಟಿದ್ದೇ ಆಮೇಲೆ. ಅಕ್ಕನನ್ನು ನಾನು ನೋಡಿರುವುದು ಇಷ್ಟೇ." ಗೋಡೆಯ ಕಡೆ ಕೈ ತೋರಿಸಿದಳು, ಆದರೆ ಕೈ ಚಿತ್ರಕ್ಕಿಂತ ಒಂದು ಗೇಣು ಆಚೆಗೆ ಹೋಗಿತ್ತು. "ಈಗ ಅದೂ ಇಲ್ಲ. ಎರಡೂ ಕಣ್ಣಿಗೆ ಪೊರೆ. ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಕೊರೊನಾ ಬಂದು ಮುಂದೆ ಹಾಕಿದರು. ಸಾಂಡಾ ಈಗ ಮಂಜಿನಲ್ಲಿ ಕೂತಿದ್ದಾಳೆ."

ಮೈಥಿಲಿ ಮನೆಗೆ ಬಂದವಳೇ ಫೋನಿನಲ್ಲಿ ಹುಡುಕಿದಳು. ಮಿರ್ಚಾ ಪ್ಲೋಪೆಯಾನು. ಎರಡು ಯುದ್ಧಗಳ ನಡುವಿನ ಕಾಲದವನು, ಸತ್ತ ಮೇಲೆ ಎಲ್ಲರೂ ಮರೆತಿದ್ದರು, ಈಗ ಬುಖಾರೆಸ್ಟಿನವರು ಮತ್ತೆ ನೆನಪಿಸಿಕೊಂಡಿದ್ದಾರೆ. ಅವನ ಮಕ್ಕಳ ಚಿತ್ರಗಳಿಗಂತೂ ಹರಾಜುಗಳಲ್ಲಿ ಜನ ಮುಗಿಬೀಳುತ್ತಿದ್ದಾರೆ. ಒಂದು ಸಿಕ್ಕರೆ ಸಾಕು, ಸ್ವಂತದ ಕೋಣೆಯೊಂದರ ಬಾಡಿಗೆಗೆ ಹಣವಾಗುತ್ತದೆ. ರಾಟರ್‌ಡ್ಯಾಮಿನ ಹಳೆಯ ಶಾಲೆಯ ಕಟ್ಟಡವೊಂದರಲ್ಲಿ ಚಿತ್ರಕಾರರಿಗೆ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಉತ್ತರದ ಬೆಳಕು ಬೀಳುವ ದೊಡ್ಡ ಕಿಟಕಿ, ಕೈ ತೊಳೆಯಲು ಕಲ್ಲಿನ ತೊಟ್ಟಿ, ಒಳಗಿನಿಂದ ಚಿಲಕ. ಬನಿಯನ್ನು ಒಣಗದ ಕೋಣೆ. ಅವಳು ಅದನ್ನು ಒಮ್ಮೆ ನೋಡಿ ಬಂದಿದ್ದಳು, ಆಮೇಲೆ ಎಷ್ಟೋ ಸಲ ಕನಸಿನಲ್ಲಿ ಅದರ ನೆಲ ಗುಡಿಸಿದ್ದಳು.

ಮೊದಲು ಆ ಯೋಚನೆ ಬಂದಾಗ ಮೈಥಿಲಿ ತನಗೆ ತಾನೇ ನಕ್ಕಳು. ಎರಡನೆಯ ಸಲ ನಗು ಅಷ್ಟು ಬರಲಿಲ್ಲ. ಮೂರನೆಯ ಸಲಕ್ಕೆ ಅದು ಯೋಚನೆಯಾಗಿ ಉಳಿದಿರಲಿಲ್ಲ, ಅಡುಗೆಯ ಹಾಗೆ ಯಾವುದರ ಮೇಲೆ ಯಾವುದು ಎಂಬ ಕ್ರಮವಾಗಿತ್ತು. ಮುದುಕಿಗೆ ಕಣ್ಣು ಕಾಣದು. ಗೋಡೆಯ ಮೇಲೆ ಅಸಲಿದ್ದರೇನು, ನಕಲಿದ್ದರೇನು? ಅಕ್ಕ ಅಕ್ಕನೇ. ಮುದುಕಿ ಕಾಲವಾದ ಮೇಲೆ ಎಲ್ಲವೂ ಹೋಗುವುದು ಗಂಡನ ಕಡೆಯ ಒಬ್ಬ ಸೋದರಳಿಯನಿಗೆ. ಅವನು ಈ ವರ್ಷವಿಡೀ ಮುದುಕಿಗೆ ಒಂದು ಬ್ರೆಡ್ಡು ತಂದುಕೊಟ್ಟವನಲ್ಲ. ಯಾರಿಗೂ ನೋವಾಗದ, ಯಾರಿಗೂ ಗೊತ್ತೇ ಆಗದ ಕಳ್ಳತನವನ್ನು ಕಳ್ಳತನ ಎನ್ನುತ್ತಾರೆಯೇ? ಅದಕ್ಕೆ ಬೇರೆ ಹೆಸರಿರಬೇಕು ಎಂದು ಅವಳಿಗೆ ಅನ್ನಿಸಿತು, ಹುಡುಕುವುದಕ್ಕೆ ಪುರುಸೊತ್ತಾಗಲಿಲ್ಲ.

ಕೈಯ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಮೈಸೂರಿನಲ್ಲಿ ಕಲಿಯುವಾಗ ಮೇಷ್ಟ್ರು ಒಮ್ಮೆ ಇಡೀ ತರಗತಿಯ ಎದುರು, "ನಿನ್ನ ಕೈಗೆ ತನ್ನದು ಅಂತ ಏನೂ ಇಲ್ಲಮ್ಮ, ಯಾರದನ್ನ ನೋಡಿದ್ರೆ ಅವರದೇ ಆಗ್ಬಿಡುತ್ತೆ" ಎಂದಿದ್ದರು. ಅವತ್ತು ಬಚ್ಚಲಿಗೆ ಹೋಗಿ ಅತ್ತಿದ್ದಳು. ಈಗ ಅದೇ ಮಾತು ಆಶೀರ್ವಾದದಂತೆ ಕೇಳಿಸಿತು.

ಚಿತ್ರವನ್ನು ಮನೆಗೆ ತರುವುದು ಸುಲಭವಾಯಿತು. ಇಲಿಯಾನಾಳ ಗಂಡ ಚುಟ್ಟಾ ಸೇದುತ್ತಿದ್ದ, ಚಿತ್ರದ ಮೇಲೆ ಹೊಗೆಯ ಪೊರೆ ಕೂತಿತ್ತು. "ನಾನು ಕ್ಲೀನ್ ಮಾಡಿಕೊಡ್ತೀನಿ ಮೆವ್ರೌ, ನಿಮಗೆ ಕಣ್ಣು ಬರೋ ಹೊತ್ತಿಗೆ ಅಕ್ಕನ ಮುಖವೂ ತೊಳೆದಿರಬೇಕಲ್ಲ" ಎಂದಳು ಮೈಥಿಲಿ, ಡಚ್ಚರ ಮಾತಿನಲ್ಲಿ ಅವಳನ್ನು ಅಮ್ಮಾವ್ರೇ ಎಂದು ಕರೆದು. ಮುದುಕಿ ಗೋಡೆಯ ಮೇಲೆ ಕೈಯಾಡಿಸಿ ಚೌಕಟ್ಟನ್ನು ಹುಡುಕಿ ಹಿಡಿದಳು.

"ಅವಳು ಒಬ್ಬಳೇ ಯಾರ ಮನೆಯಲ್ಲೂ ಮಲಗಿದವಳಲ್ಲ" ಎಂದಳು ಕೊನೆಗೆ. "ಹುಷಾರಾಗಿ ನೋಡಿಕೊಳ್ಳುತ್ತೀಯಾ?"

"ನಮ್ಮ ಮಗು ಥರ" ಎಂದಳು ಮೈಥಿಲಿ. ಆ ಕ್ಷಣ ಅದು ಸುಳ್ಳೆಂದು ಅವಳಿಗೇ ಅನ್ನಿಸಲಿಲ್ಲ.

ಪ್ಲೋಪೆಯಾನು ಕ್ಯಾನ್ವಾಸಿನ ಮೇಲಲ್ಲ, ದಪ್ಪ ರಟ್ಟಿನ ಮೇಲೆ ಬರೆದಿದ್ದ. ಇದೊಂದು ಅದೃಷ್ಟ. ಅಂಗಡಿಗಳು ಅಷ್ಟಿಷ್ಟು ತೆರೆದಾಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಅದೇ ಕಾಲದ, ಹೆಚ್ಚುಕಡಿಮೆ ಅದೇ ಅಳತೆಯ ರಟ್ಟಿನ ಮೇಲೆ ಯಾರೋ ಬರೆದ ಗಾಳಿಗಿರಣಿಯೊಂದು ಸಿಕ್ಕಿತು. ಗಿರಣಿಯನ್ನು ಹೆರೆದು ತೆಗೆದಳು. ಆಗಿನವರು ಬಳಸುತ್ತಿದ್ದ ಸತುವಿನ ಬಿಳಿಯನ್ನೇ ತರಿಸಿದಳು, ಈಗಿನ ಬಿಳಿ ಬಳಸಿ ಸಿಕ್ಕಿಬಿದ್ದವರ ಕತೆಗಳನ್ನು ಓದಿದ್ದಳು. ಹಿಂಬದಿಯ ಕಂದು ಬಣ್ಣ ಎರಡಕ್ಕೂ ಒಂದೇ ಆಗಬೇಕಿತ್ತು. ಚಹಾ ಹಚ್ಚಿ ನೋಡಿದಳು, ಕೆಂಪು ಹೆಚ್ಚಾಯಿತು. ಕಾಫಿಯ ಡಿಕಾಕ್ಷನ್ ಹಚ್ಚಿದಾಗ ಬಣ್ಣ ಕರಾರುವಾಕ್ಕಾಗಿ ಕೂತಿತು.

"ಇವತ್ತು ಕಾಫಿ ಯಾಕೋ ನೀರ್‌ನೀರು" ಎಂದರು ಅತ್ತೆ ಮಾರನೆಯ ಬೆಳಿಗ್ಗೆ. "ಡಿಕಾಕ್ಷನ್ನು ಗಟ್ಟಿಯಾಗೇ ಇಳಿದಿತ್ತಲ್ಲೇ."

"ಇಲ್ಲಿನ ಪುಡಿನೇ ಹಾಗೆ ಅತ್ತೆ."

ಸುಜಯ ಮೀಟಿಂಗಿನಲ್ಲಿರುವಾಗ ಮಲಗುವ ಕೋಣೆಯಲ್ಲಿ ಅವಳ ಕೆಲಸ. ಕದ ತೆರೆದರೂ ಅವನಿಗೆ ಅನುಮಾನ ಬರುತ್ತಿರಲಿಲ್ಲ. ಹೆಂಡತಿ ಏನೋ ಬರೆಯುತ್ತಿದ್ದಾಳೆ, ಅವಳು ಯಾವಾಗಲೂ ಏನೋ ಬರೆಯುತ್ತಿರುತ್ತಾಳೆ. ಅವನ ಅಸಡ್ಡೆ ಇಷ್ಟು ಉಪಯೋಗಕ್ಕೆ ಬಂದದ್ದು ಮದುವೆಯಾದ ಮೇಲೆ ಇದೇ ಮೊದಲು. ಅತ್ತೆಗೆ ಮಾತ್ರ ಒಂದು ಮಾತು ಹೇಳಿಟ್ಟಿದ್ದಳು: ಕೈ ಪಳಗಲಿ ಅಂತ ನೋಡಿ ಬರೆಯುತ್ತಿದ್ದೇನೆ, ಯಾರಿಗೂ ಹೇಳಬೇಡಿ, ಸರ್‌ಪ್ರೈಸು. ಅತ್ತೆಗೆ ಅದರಿಂದ ಹಬ್ಬವಾಯಿತು. ಮಧ್ಯಾಹ್ನ ಹೂಬತ್ತಿ ಹೊಸೆಯುತ್ತ ಮಂಚದ ತುದಿಯಲ್ಲಿ ಕೂರುತ್ತಿದ್ದರು.

"ಏನ್ ತಿಂತಿದಾಳೇ ಅದು, ಕೋಡುಬಳೆನಾ?"

"ಅವರ ಕಡೆ ರೊಟ್ಟಿ ಅತ್ತೆ."

"ಕೋಡುಬಳೆನೇ ಕಣೆ. ನೋಡು, ಎಣ್ಣೆ ಕೈಗೆ ಅಂಟಿದೆ. ನಮ್ಮನೇಲೊಂದು ಇದ್ದಿದ್ರೆ ಹೀಗೇ ಕೂತು ತಿಂತಿತ್ತು." ಸೊಸೆಯ ಮುಖ ನೋಡಿ, "ನಾನೇನ್ ಹೇಳ್ಲಿಲ್ಲಪ್ಪ" ಎಂದು ಬತ್ತಿಯ ಕಡೆ ತಿರುಗಿದರು.

ಕೆನ್ನೆಯ ಆ ಮೂರು ಗೀರು ಮೈಥಿಲಿಯನ್ನು ಬಹಳ ಕಾಡಿದವು. ಬರೆದಳು, ಒರೆಸಿದಳು, ಮತ್ತೆ ಬರೆದಳು. ಒಂದು ದಿನ ಪಕ್ಕದ ಕೋಣೆಯಲ್ಲಿ ಸುಜಯ ಯಾರಿಗೋ "ಯೂ ಆರ್ ಆನ್ ಮ್ಯೂಟ್" ಎಂದು ಕೂಗುತ್ತಿದ್ದ ಹೊತ್ತಿಗೆ ಅವಳ ಕೈ ತಾನೇ ಹೋಗಿ ಮೂರು ಗೀರು ಎಳೆದು ಬಂತು. ಎರಡು ಸಾಂಡಾಗಳು ಒಟ್ಟಿಗೆ ಅವಳನ್ನು ನೋಡಿದವು. ಬರೆದವಳಿಗೇ ಮೈ ಜುಮ್ಮೆಂದಿತು. ಆಮೇಲೆ ಓವನ್ನಿನ ತೀರಾ ಸಣ್ಣ ಬಿಸಿಯಲ್ಲಿ ಅದನ್ನು ದಿನಾ ಅಷ್ಟಷ್ಟು ಒಣಗಿಸಿದಳು. ಏನು ಬೇಯಿಸುತ್ತಿದ್ದೀಯೆಂದು ಸುಜಯ ಕೇಳಿದಾಗ ಬಿಸ್ಕತ್ತೆಂದಳು. ಬಿಸ್ಕತ್ತು ಎಲ್ಲಿ ಎಂದು ಅವನು ಕೇಳಲಿಲ್ಲ.

ಮುಗಿದ ದಿನ ಎರಡನ್ನೂ ಅಕ್ಕಪಕ್ಕ ಕಪಾಟಿಗೆ ಒರಗಿಸಿಟ್ಟು ನೋಡಿದಳು. ಒಂದು ಚೂರೂ ವ್ಯತ್ಯಾಸವಿಲ್ಲ. ಇದರಲ್ಲೇ ಒಂದು ಅಪಾಯವಿದೆ ಎಂದು ಜಾಣೆಗೆ ಹೊಳೆಯಿತು: ನಾಳೆ ತನಗೇ ಗುರುತು ಸಿಗದಿದ್ದರೆ? ಬಣ್ಣ ಕಲಸಿದ ಅಗಸೆ ಎಣ್ಣೆಯ ವಾಸನೆಯೇನೋ ಕೆಲವು ತಿಂಗಳು ಹೇಳಿಬಿಡುತ್ತದೆ, ಹೊಸದು ಯಾವುದು ಎಂದು. ಆದರೂ ಒಂದು ಗುರುತು ಬೇಕು. ತೀರಾ ಸಣ್ಣ ಕುಂಚವನ್ನು ಕಪ್ಪಿನಲ್ಲಿ ಅದ್ದಿ, ತನ್ನ ಸಾಂಡಾಳ ಎಡಪಾದದ ಅಡಿಯಲ್ಲಿ, ಹಿಮ್ಮಡಿಯ ನೆರಳು ಬೀಳುವ ಕಡೆ, ಸಾಸಿವೆಯಷ್ಟು ಒಂದು ಬೊಟ್ಟು ಇಟ್ಟಳು. ಮುಖದ ಅಂದ ಕೆಡಬಾರದೆಂದು ಅವಳ ಅಜ್ಜಿ ಕೂಸುಗಳಿಗೆ ದೃಷ್ಟಿಬೊಟ್ಟನ್ನು ಅಂಗಾಲಿಗೇ ಇಡುತ್ತಿದ್ದಳು. ಹಾಲೆಂಡಿನಲ್ಲಿ ಇದು ಯಾರ ಕಣ್ಣಿಗೆ ಬೀಳಬೇಕು? ಬಿದ್ದರೂ ಧೂಳೆನ್ನುತ್ತಾರೆ. ಗುರುತಿಗೆ ಗುರುತೂ ಆಯಿತು, ಅಷ್ಟು ಚೆಂದದ ಕೆಲಸಕ್ಕೆ ಯಾರ ಕಣ್ಣೂ ತಾಗದಂತೆಯೂ ಆಯಿತು. ತನ್ನ ಉಪಾಯಕ್ಕೆ ತಾನೇ ಮೆಚ್ಚಿ ಅವಳು ಅಂದು ಇಲಿಯಾನಾಳ ಸಾಮಾನಿನ ಜೊತೆ ಒಂದು ಟುಲಿಪ್ ಗೊಂಚಲನ್ನೂ ಕೊಂಡು ಕೊಟ್ಟಳು.

ವಾಪಸು ಬರುವಷ್ಟರಲ್ಲಿ ಅತ್ತೆ ತಮ್ಮ ಹಳೆಯ ವಾಯಿಲ್ ಸೀರೆಯೊಂದನ್ನು ಹರಿದು ಎರಡೂ ಚಿತ್ರಗಳನ್ನು ಬೇರೆಬೇರೆ ಸುತ್ತಿಟ್ಟಿದ್ದರು, ಹುಟ್ಟಿದ ಕೂಸುಗಳನ್ನು ಸುತ್ತುವ ಹಾಗೆ. "ಧೂಳು ಕೂರುತ್ತೆ ಅಂತ" ಎಂದರು. ಮೈಥಿಲಿ ಎರಡನ್ನೂ ಬೀರುವಿನ ಹಿಂದೆ ಸರಿಸಿದಳು.

ಕೆಳಗಿನ ಮನೆಗೆ ಒಂದನ್ನು ಕೊಡುವ ಮೊದಲೇ ಮೂವರಿಗೂ ಕೊರೊನಾ ಬಂತು. ಜ್ವರ ಹೋಯಿತು, ಕೆಮ್ಮು ಹೋಯಿತು, ಮೈಥಿಲಿಯ ಮೂಗು ಮಾತ್ರ ರಜೆ ಹಾಕಿ ಕೂತಿತು. ಒಗ್ಗರಣೆ ಸೀದರೂ ತಿಳಿಯದು. ಇತ್ತ ಇಲಿಯಾನಾ ಫೋನು ಮಾಡಿ, "ಸಾಂಡಾ ಯಾವಾಗ ಬರುತ್ತಾಳೆ? ಮನೆ ಬಿಕೋ ಅನ್ನುತ್ತಿದೆ" ಎಂದು ಕೇಳತೊಡಗಿದಳು. ಕ್ರಿಸ್ಮಸ್ಸು ಹತ್ತಿರವಾದಾಗ ಇನ್ನು ತಡಮಾಡಬಾರದೆಂದು ಮೈಥಿಲಿ ಬೀರುವಿನ ಹಿಂದೆ ಕೈ ಹಾಕಿ ಒಂದನ್ನು ಎಳೆದು ಬಿಚ್ಚಿದಳು. ಮೂಸಿದಳು, ಪ್ರಯೋಜನವಿಲ್ಲ. ಟೇಬಲ್ ದೀಪದ ಕೆಳಗೆ ಪಾದ ನೋಡಿದಳು. ಬೊಟ್ಟು ಇತ್ತು. ಸರಿ, ಇದು ತನ್ನದೇ. ಮೂಗು ಹೋದರೂ ಬುದ್ಧಿ ಕೆಲಸಕ್ಕೆ ಬಂತಲ್ಲ ಎಂದುಕೊಳ್ಳುತ್ತ ಅದನ್ನು ಚೌಕಟ್ಟಿಗೆ ಹಾಕಿ ಕೆಳಗೆ ಒಯ್ದಳು.

ಇಲಿಯಾನಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮುಖಕ್ಕೆ ಹಿಡಿದು ದೀರ್ಘವಾಗಿ ಮೂಸಿದಳು. "ಎಷ್ಟು ತೊಳೆದರೂ ಹೋಗಿಲ್ಲ ನೋಡು" ಎಂದಳು. "ನಮ್ಮ ಅಡುಗೆಮನೆಯ ಒಲೆಯ ಹೊಗೆ."

ಪಾಪ, ಅದು ನಮ್ಮ ಮನೆಯ ಕಾಫಿ ಡಿಕಾಕ್ಷನ್ನು ಎಂದು ಮೈಥಿಲಿ ಮಾಸ್ಕಿನೊಳಗೇ ಮುಗುಳ್ನಕ್ಕಳು. ನಂಬಿಕೆಗೆ ಮೂಗೂ ಸೋಲುತ್ತದೆ.

ಮುಂದಿನ ವಸಂತದಲ್ಲಿ ಮುದುಕಿಯ ಕಣ್ಣಿನ ಆಪರೇಷನ್ ಆಯಿತು. ಇದನ್ನೂ ಮೈಥಿಲಿ ಮೊದಲೇ ಎಣಿಸಿದ್ದಳು, ಆದರೂ ಕರೆ ಬಂದ ದಿನ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು. ಇಲಿಯಾನಾ ಕುರ್ಚಿಯನ್ನು ಗೋಡೆಗೆ ಮುಖಮಾಡಿ ಹಾಕಿಕೊಂಡು ಕೂತಿದ್ದಳು. ನೋಡಿದಳು, ಎದ್ದು ಹತ್ತಿರ ಹೋಗಿ ನೋಡಿದಳು, ಹಿಂದೆ ಸರಿದು ನೋಡಿದಳು.

"ನಾನು ಮರೆತೇಬಿಟ್ಟಿದ್ದೆ" ಎಂದಳು. ಹೊಸ ಕಣ್ಣುಗಳು ತುಂಬಿದ್ದವು. "ಈ ಕೆನ್ನೆ ನೋಡು, ಮೂರೇ ಮೂರು ಗೀರು. ಇಂಥ ಕೈ ಈಗ ಯಾರಿಗಿದೆ ಮೈಥಿಲಿ? ಯಾರಿಗೂ ಇಲ್ಲ."

ಮೈಥಿಲಿಗೆ ಕೆನ್ನೆ ಬಿಸಿಯಾಯಿತು. ಹುಟ್ಟಿದಂದಿನಿಂದ ಇಂಥ ಮಾತು ಅವಳ ಕೆಲಸಕ್ಕೆ ಯಾರೂ ಆಡಿರಲಿಲ್ಲ. ಗಂಡ ಐಕಿಯಾ ಎಂದಿದ್ದ, ಮೇಷ್ಟ್ರು ಏನೂ ಇಲ್ಲ ಎಂದಿದ್ದರು. ಅವರಿಬ್ಬರನ್ನೂ ಕಿವಿ ಹಿಡಿದು ಇಲ್ಲಿ ತಂದು ನಿಲ್ಲಿಸಬೇಕೆನ್ನಿಸಿತು. "ಹೌದು ಮೆವ್ರೌ, ಒಳ್ಳೆ ಕೈ" ಎಂದಷ್ಟೇ ಹೇಳಿ, ಬಾಯಿ ಬಿಟ್ಟು ಹೇಳಿಕೊಳ್ಳಲಾಗದ ಹೆಮ್ಮೆಯನ್ನು ಹೊತ್ತು ಮೆಟ್ಟಿಲು ಹತ್ತಿದಳು. ಅಪರಾಧದಲ್ಲಿ ಕಷ್ಟದ ಭಾಗ ಇದೊಂದೇ ಎಂದು ಅವಳಿಗೆ ಅನ್ನಿಸಿತು.

ಇನ್ನುಳಿದದ್ದು ಹರಾಜಿನ ಮನೆ. ಅದಕ್ಕೊಂದು ಕತೆ ಬೇಕಿತ್ತು, ಆ ಕತೆಯನ್ನು ಅವಳಿಗೆ ಈ ದೇಶವೇ ಹೊಲಿದು ಕೊಟ್ಟಿತು. ರಾಜನ ಹುಟ್ಟುಹಬ್ಬದ ದಿನ ಊರಿಗೆ ಊರೇ ಕಿತ್ತಳೆ ಬಣ್ಣ ತೊಟ್ಟು, ಹಳೆಯ ಸಾಮಾನನ್ನು ಬೀದಿಯಲ್ಲಿ ಬೆಡ್‌ಶೀಟ್ ಹಾಸಿ ಮಾರುತ್ತದೆ. ರಸೀದಿಯಿಲ್ಲ, ವಿಳಾಸವಿಲ್ಲ. ಅಲ್ಲಿ ಕೊಂಡೆ ಎಂದರೆ ಮುಗಿಯಿತು. ಎರಡು ಸಾವಿರದ ಇಪ್ಪತ್ತರಲ್ಲಿ ಎಂದು ಬರೆಯಲು ಹೋಗಿ ನಾಲಿಗೆ ಕಚ್ಚಿಕೊಂಡಳು. ಆ ವರ್ಷ ಕೊರೊನಾದಿಂದ ಬೀದಿ ವ್ಯಾಪಾರವೇ ನಡೆದಿರಲಿಲ್ಲ! ಹತ್ತೊಂಬತ್ತು ಎಂದು ತಿದ್ದಿದಳು. ಇಂಥ ಸಣ್ಣ ತಪ್ಪುಗಳಿಂದಲೇ ದೊಡ್ಡ ಕಳ್ಳರೆಲ್ಲ ಸಿಕ್ಕಿಬೀಳುತ್ತಾರೆ, ತಾನು ಅಂಥವಳಲ್ಲ ಎಂದು ಬೆನ್ನು ತಟ್ಟಿಕೊಂಡಳು.

ಬೇಸಗೆಯಲ್ಲಿ ಹರಾಜಿನವರ ವ್ಯಾನು ಬಂದು ಬೀರುವಿನ ಹಿಂದಿದ್ದ ಇನ್ನೊಂದು ಗಂಟನ್ನು ಸೀರೆಯ ಸಮೇತ ಒಯ್ದಿತು. ಎರಡರಲ್ಲಿ ಒಂದು ಹೋದ ಮೇಲೆ ಉಳಿದದ್ದು ಯಾವುದೆಂದು ಬಿಚ್ಚಿ ನೋಡುವ ಅಗತ್ಯವೇನಿದೆ? ಬುಖಾರೆಸ್ಟಿನಿಂದ ಅವರ ತಜ್ಞರು ಬಂದು ಪರೀಕ್ಷಿಸಬೇಕಿತ್ತು. ಅದಕ್ಕೆ ಮೊದಲು ಒಂದು ಪತ್ರ ಬೇಕೆಂದರು, ಮೇಲ್ ಅಲ್ಲ, ಶಾಯಿಯಲ್ಲಿ ಸಹಿ ಮಾಡಿ ಅಂಚೆಯಲ್ಲಿ ಕಳಿಸಿದ್ದು. ಈ ಚಿತ್ರದ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೇ? ಅದನ್ನು ತಿಳಿಸಬೇಕು.

ಆ ಪ್ರಶ್ನೆ ನೋಡಿ ಬೇರೆಯವರಾಗಿದ್ದರೆ ಬೆವರುತ್ತಿದ್ದರು. ಮೈಥಿಲಿಗೆ ಮಾತ್ರ ಇದು ತನಗೆಂದೇ ಬಡಿಸಿದ ಎಲೆಯಂತೆ ಕಂಡಿತು. ನಾಳೆ ಸೋದರಳಿಯ ಕೆಳಗಿನ ಚಿತ್ರವನ್ನು ಹಿಡಿದು ಇದೇ ಅಸಲು ಎಂದು ಬಂದರೆ? ಅವನ ದಾರಿಯನ್ನು ಈಗಲೇ ಮುಚ್ಚಬಹುದು. ಅವಳು ಬರೆದಳು: ಹೌದು, ಒಂದು ನಕಲಿದೆ. ನೆರೆಯ ವೃದ್ಧೆಯೊಬ್ಬರು ಈ ಚಿತ್ರವನ್ನು ಬಹಳ ಮೆಚ್ಚಿಕೊಂಡಿದ್ದರಿಂದ ನಾನೇ ಅವರಿಗಾಗಿ ಬರೆದುಕೊಟ್ಟೆ. ಅವರಿಗೆ ವಯಸ್ಸಾಗಿದೆ, ಈಗೀಗ ಅದನ್ನು ತಮ್ಮ ಅಕ್ಕ ಎನ್ನುತ್ತಾರೆ, ದಯವಿಟ್ಟು ಅವರ ಮನಸ್ಸು ನೋಯಿಸಬೇಡಿ. ಎರಡೂ ಎದುರಿಗೆ ಬಂದರೆ ಗುರುತಿಸುವುದು ಸುಲಭ. ನನ್ನ ನಕಲಿನಲ್ಲಿ ಎಡಪಾದದ ಅಡಿಗೆ ಸಣ್ಣದೊಂದು ಕಪ್ಪು ಬೊಟ್ಟು ಇಟ್ಟಿದ್ದೇನೆ. ಬೊಟ್ಟು ಇದ್ದದ್ದು ನಕಲು, ಇಲ್ಲದ್ದು ಅಸಲು.

ಕೆಳಗೆ ಸಹಿ ಹಾಕಿದಳು. ಲಕೋಟೆ ಅಂಟಿಸಿದಳು. ಆಮೇಲೆ ಅದನ್ನು ಸೀರೆಗಳ ಕೆಳಗೆ ಇಟ್ಟು ವಾರಗಟ್ಟಲೆ ಸುಮ್ಮನಾದಳು. ಭಯವಲ್ಲ ಎಂದು ತನಗೆ ಹೇಳಿಕೊಂಡಳು, ಅವಸರವೇನು ಅಷ್ಟೆ. ದಿನಾ ಸಂಜೆ ಇಲಿಯಾನಾಳ ಕಿಟಕಿಯ ಮುಂದೆ ಹಾದುಹೋಗುವಾಗ, ಮುದುಕಿ ಚಿತ್ರದ ಎದುರು ಕುರ್ಚಿ ಹಾಕಿಕೊಂಡು ಅದಕ್ಕೇನೋ ಹೇಳುತ್ತಿರುವುದು ಕಾಣುತ್ತಿತ್ತು. ಮೈಥಿಲಿ ಮುಖ ತಿರುಗಿಸಿ ಬೇಗಬೇಗ ನಡೆಯುತ್ತಿದ್ದಳು.

ಕೊನೆಗೆ ಎರಡು ಸುದ್ದಿ ಒಟ್ಟಿಗೆ ಬಂದವು. ವಿಮಾನಗಳು ಶುರುವಾಗಿ ಅತ್ತೆಗೆ ಟಿಕೆಟ್ಟು ಸಿಕ್ಕಿತು. ರಾಟರ್‌ಡ್ಯಾಮಿನ ಶಾಲೆಯವರು, ಕೋಣೆ ಬೇಕಾದರೆ ಈಗಲೇ ಹೇಳಿ, ಇನ್ನೊಬ್ಬರು ಕಾಯುತ್ತಿದ್ದಾರೆ ಎಂದರು. ಮೈಥಿಲಿ ಸೀರೆಗಳ ಕೆಳಗಿಂದ ಲಕೋಟೆ ತೆಗೆದು, ಅತ್ತೆಯನ್ನು ವಾಕಿಂಗಿಗೆ ಕರೆದುಕೊಂಡು ಹೊರಟಳು.

ನದಿಯ ಏರಿಯ ಮೇಲೆ ಬಿಸಿಲಿತ್ತು. ಅಂಚೆಯ ಕಿತ್ತಳೆ ಡಬ್ಬ ತಿರುವಿನಲ್ಲಿ ನಿಂತಿತ್ತು, ಅದಕ್ಕೆ ಎರಡು ಬಾಯಿ, ಒಂದು ಈ ಊರಿನ ಕಾಗದಕ್ಕೆ, ಒಂದು ಪರಊರಿನದಕ್ಕೆ. ಲಕೋಟೆಯನ್ನು ಪರಊರಿನ ಬಾಯಿಗೆ ಇಟ್ಟು, ಉತ್ತರದ ಬೆಳಕನ್ನೂ ಒಳಗಿನ ಚಿಲಕವನ್ನೂ ಒಮ್ಮೆ ನೆನೆದು, ಕೈ ಬಿಟ್ಟಳು. ಅದು ತಳದಲ್ಲಿ ಟಪ್ಪೆಂದಿತು. "ಹೋಯ್ತಾ? ಅಬ್ಬ, ಎಷ್ಟ್ ದಿನದಿಂದ ಇಟ್ಕೊಂಡಿದ್ಯೇ ಅದನ್ನ" ಎಂದರು ವಿಜಯಮ್ಮ, ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತ. "ನಂಗೆ ಆ ಕೋಡುಬಳೆ ಹುಡುಗೀರನ್ನ ಬಿಟ್ ಹೋಗೋದೇ ಬೇಜಾರು. ಒಬ್ಬಳು ಕೆಳಗಿದಾಳೆ, ಇನ್ನೊಬ್ಬಳನ್ನ ವ್ಯಾನಲ್ಲಿ ಎಲ್ಲಿಗೋ ಕಳಿಸ್ದೆ. ಎಲ್ಲೇ ಇರ್ಲಿ ಬಿಡು, ಕಣ್ಣಂತೂ ತಾಗಲ್ಲ. ನೀನು ಒಬ್ಬಳಿಗೆ ಮಾತ್ರ ಪಾದಕ್ಕೆ ಬೊಟ್ಟಿಟ್ಟು ಇನ್ನೊಬ್ಬಳನ್ನ ಹಾಗೇ ಬಿಟ್ ಹೋಗಿದ್ಯಲ್ಲ, ಸೀರೆ ಸುತ್ತೋಕ್ ಮುಂಚೆ ನಾನೇ ಕಾಡಿಗೆ ತಂದು ಅವಳಿಗೂ ಇಟ್ಟೆ, ಅದೇ ಕಾಲಿಗೆ, ಅದೇ ಜಾಗಕ್ಕೆ. ಅವಳಿ ಮಕ್ಕಳಲ್ಲಿ ಒಂದಕ್ಕಿಟ್ಟು ಒಂದಕ್ಕೆ ಬಿಡ್ತಾರೇನೇ?" ಮೈಥಿಲಿಯ ಬಲಗೈ ಮೊಣಕೈವರೆಗೂ ಆ ಕಿತ್ತಳೆ ಡಬ್ಬದ ಬಾಯೊಳಗೆ ಹೋಗಿತ್ತು, ಬೆರಳುಗಳು ಗಾಳಿಯನ್ನು ಗೀರುತ್ತಿದ್ದವು. ಅತ್ತೆ ಗಾಬರಿಯಿಂದ ಹತ್ತಿರ ಬಂದರು. "ಏನಾಯ್ತೇ, ಬಳೆ ಜಾರಿ ಒಳಗ್ ಬಿತ್ತಾ?"